ಸ್ಪೆಕ್ಟ್ರಮ್‌ನಲ್ಲಿ 1942 ತರಹದ ಆಟ: ಸಮುದ್ರವನ್ನು ಸರಿಸಲು ಹೋಗಬೇಡಿ

ಝಡ್‌ಎಕ್ಸ್ ಸ್ಪೆಕ್ಟ್ರಮ್ 48ಕೆ ಅನ್ನೋ ಹಳೆಯ ಮನೆ ಕಂಪ್ಯೂಟರ್‌ಗೆ '1942' ಆಟದ ತರಹದ ವಿಮಾನದ ಆಟ ಬರೆಯುತ್ತಿದ್ದೇನೆ, ಹಿನ್ನೆಲೆ ಸ್ಕ್ರಾಲ್ ಮಾಡಿದ ಕೂಡಲೇ ಆಟ ತೆವಳುತ್ತದೆ, ವಿಮಾನದ ಸುತ್ತ ಬಣ್ಣ ಕಲಸಿಹೋಗುತ್ತದೆ, ಕಾಮಡೋರ್ 64 ಕಂಪ್ಯೂಟರ್‌ಗೆ ಹೋಗಿಬಿಡಲಾ ಅಂತ ಕೇಳಿದ್ದೀರಿ. ಈಗಲೇ ಕೈಬಿಡಬೇಡಿ. ನಿಮ್ಮ ಕೋಡ್ ಕೆಟ್ಟದ್ದಲ್ಲ, ಅದರ ಮೇಲೆ ಹೊರಿಸಿರುವ ಕೆಲಸ ಜಾಸ್ತಿ.

1942 ಮೊದಲು ಬಂದ, ಕಾಸು ಹಾಕಿ ಆಡುವ 1984ರ ಕ್ಯಾಪ್‌ಕಾಮ್ ಆರ್ಕೇಡ್ ಯಂತ್ರದಲ್ಲೂ ಆಟ ನಡೆಸುವುದು ಸ್ಪೆಕ್ಟ್ರಮ್‌ನಲ್ಲಿರುವ ಝಡ್80 ಚಿಪ್ಪೇ, 4 ಮೆಗಾಹರ್ಟ್ಸ್. ನಿಮ್ಮ ಸ್ಪೆಕ್ಟ್ರಮ್‌ನದ್ದು 3.5. ಆದರೆ ಅಲ್ಲಿ ಹಿನ್ನೆಲೆ ಜಾರಿಸಲು, ವಿಮಾನ ಬಿಡಿಸಲು ಬೇರೆ ಸರ್ಕ್ಯೂಟ್ ಇದೆ. 'ಈ ವಿಮಾನ ಇಲ್ಲಿರಲಿ' ಅಂತ ಚಿಪ್ ಹೇಳಿದರೆ ಮುಗಿಯಿತು. ಸ್ಪೆಕ್ಟ್ರಮ್‌ನಲ್ಲಿ ಒಂದೊಂದು ಚುಕ್ಕಿಯನ್ನೂ ಆ ಒಂದೇ ಚಿಪ್ ಇಡಬೇಕು. 1986ರಲ್ಲಿ ಎಲೀಟ್ ಕಂಪನಿ ಈ ಆಟವನ್ನು ಮನೆ ಕಂಪ್ಯೂಟರ್‌ಗಳಿಗೆ ತಂದಾಗಲೂ ಯಂತ್ರ ಇದೇ, ಮಿತಿಯೂ ಇದೇ.

ಲೆಕ್ಕ ಹಾಕಿ ನೋಡಿ. ಒಂದು ಫ್ರೇಮ್‌ಗೆ, ಅಂದರೆ ಸ್ಕ್ರೀನ್ ಒಮ್ಮೆ ಬಿಡಿಸುವ ಹೊತ್ತಿಗೆ, ಸಿಗುವುದು 69,888 ಕ್ಲಾಕ್ (ಚಿಪ್‌ನ ಮಿಡಿತ). ಚಿತ್ರದ ಮೆಮೊರಿ 6,144 ಬೈಟ್. ಬೈಟ್‌ಗಳನ್ನು ಸಾಲಾಗಿ ನಕಲಿಸುವ ಎಲ್‌ಡಿಐಆರ್ ಆದೇಶ ಬೈಟಿಗೆ 21 ಕ್ಲಾಕ್ ತಿನ್ನುತ್ತದೆ. ಒಟ್ಟು 1,29,024. ಸ್ಕ್ರೀನ್ ಸರಿಸುವುದಕ್ಕೇ ಹೆಚ್ಚುಕಡಿಮೆ ಎರಡು ಫ್ರೇಮ್ ಹೋಯ್ತು. ಎರಡೆರಡು ಬೈಟ್ ಎತ್ತಿ ಇಡುವ ಪಾಪ್-ಪುಶ್ ಉಪಾಯದಲ್ಲಿ ಎರಡು ಬೈಟಿಗೆ 21, ಅಂದರೆ 64,512. ಆಗಲೂ ವಿಮಾನ, ಗುಂಡು, ಸದ್ದು ಎಲ್ಲಕ್ಕೂ ಸೇರಿ ಉಳಿಯುವುದು ಐದು ಸಾವಿರ ಚಿಲ್ಲರೆ. ಅದರ ಮೇಲೆ ಸ್ಕ್ರೀನ್ ಮೆಮೊರಿ ಮುಟ್ಟಿದಾಗ ಚಿತ್ರವನ್ನು ಸ್ಕ್ರೀನಿಗೆ ಕಳಿಸುವ ಯುಎಲ್‌ಎ ಚಿಪ್ ಆಗಾಗ ತಡೆದು ನಿಲ್ಲಿಸುತ್ತದೆ. ಹಾಗಾಗಿ ಅದೂ ಕೈಗೆ ಸಿಗಲ್ಲ.

ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ. 1942 ಆಟದಲ್ಲಿ ಬಹುಪಾಲು ಹೊತ್ತು ಕೆಳಗೆ ಕಾಣುವುದು ಬರೀ ಸಮುದ್ರ. ಖಾಲಿ ನೀಲಿಯನ್ನು ಸರಿಸಿದರೆ ಏನು ಬದಲಾಯಿತು ಹೇಳಿ? ನಲವತ್ತು ಅಲೆ ಚುಕ್ಕಿ ಇಟ್ಟುಕೊಳ್ಳಿ. ಹಳೆಯ ಜಾಗದಲ್ಲಿ ಅಳಿಸಿ, ಒಂದು ಗೆರೆ ಕೆಳಗೆ ಇಡಿ. ಕಣ್ಣಿಗೆ ಇಡೀ ಸಮುದ್ರವೇ ಜಾರಿದಂತೆ ಕಾಣುತ್ತದೆ. ದ್ವೀಪ ಬಂದಾಗ ದ್ವೀಪದಷ್ಟು ಭಾಗ ಮಾತ್ರ ಸರಿಸಿ. ಆಟದ ಜಾಗವನ್ನು 24 ಕಾಲಮ್‌ಗೆ (ಒಂದು ಕಾಲಮ್ ಎಂಟು ಚುಕ್ಕಿ ಅಗಲ) ಇಳಿಸಿ, ಪಕ್ಕದಲ್ಲಿ ಸ್ಕೋರ್ ಹಾಕಿ. ಆರ್ಕೇಡ್ ಸ್ಕ್ರೀನ್ ನಿಂತಿರುವುದು ತಾನೇ, 224 ಚುಕ್ಕಿ ಅಗಲ, 256 ಎತ್ತರ. ಅದೇ ಆಕಾರ ಸ್ವಲ್ಪ ಮಟ್ಟಿಗೆ ಬರುತ್ತದೆ.

ಎತ್ತರದ ಬಗ್ಗೆ ಒಂದು ಮಾತು. ನಿಮಗಿರುವುದು 192 ಗೆರೆ, ಮುಕ್ಕಾಲು ಪಾಲು. ಶತ್ರುವಿನ ಗುಂಡನ್ನು ಆರ್ಕೇಡ್ ವೇಗದಲ್ಲೇ ಬಿಟ್ಟರೆ ಆಟಗಾರನಿಗೆ ತಪ್ಪಿಸಿಕೊಳ್ಳಲು ಸಿಗುವ ಸಮಯವೂ ಮುಕ್ಕಾಲೇ. ವೇಗವನ್ನೂ ಮುಕ್ಕಾಲಿಗೆ ಇಳಿಸಿ. ನನ್ನ ಪ್ರಕಾರ ಬಣ್ಣಕ್ಕಿಂತ ಇದು ದೊಡ್ಡ ವಿಷಯ. ಗುಂಡಿಗೆ ಸಿಗದೆ ವಿಮಾನ ಪಲ್ಟಿ ಹೊಡೆಯುವುದನ್ನು ಮಾತ್ರ ಬಿಡಲೇಬೇಡಿ, ಆಟದ ಜೀವ ಅಲ್ಲಿದೆ.

ಬಣ್ಣ: 8×8 ಚೌಕಕ್ಕೆ ಎರಡೇ ಬಣ್ಣ, ಅದು ಯಂತ್ರದ ಮಿತಿ. ಆಟದ ಜಾಗಕ್ಕೆಲ್ಲ ಒಂದೇ ಜೋಡಿ ಕೊಡಿ, ಸಯಾನ್ ಮೇಲೆ ಕಪ್ಪು. ಕಲಸುವುದು ನಿಲ್ಲುತ್ತದೆ. ಬಣ್ಣಬಣ್ಣದ್ದೆಲ್ಲ ಸ್ಕೋರ್ ಪಟ್ಟಿಯಲ್ಲಿರಲಿ.

ಕಾಮಡೋರ್ 64ರಲ್ಲಿ ಇದು ಸುಲಭ, ನಿಜ. ನುಣುಪಾದ ಸ್ಕ್ರಾಲ್‌ಗೆ ರಿಜಿಸ್ಟರ್ ಇದೆ, ಎಂಟು ಗೆರೆಗೊಮ್ಮೆ ಅಕ್ಷರಗಳನ್ನು ಸರಿಸಿದರೆ ಸಾಕು. ಆದರೆ ಸ್ಪ್ರೈಟ್ (ಯಂತ್ರವೇ ಬಿಡಿಸಿಕೊಡುವ, ಓಡಾಡುವ ಚಿತ್ರ) ಎಂಟೇ. ಜಾಸ್ತಿ ಬೇಕಾದರೆ ಸ್ಕ್ರೀನ್ ಅರ್ಧ ಬಿಡಿಸುತ್ತಿರುವಾಗಲೇ ಅವನ್ನು ಕೆಳಗೆ ಮತ್ತೆ ಬಳಸಬೇಕು. ಅಲ್ಲೂ ತಲೆನೋವು ತಪ್ಪಿದ್ದಲ್ಲ.

ಇವತ್ತು ಇಷ್ಟು ಮಾಡಿ. ಹೊಸ ಫ್ರೇಮ್‌ಗೆ ಕಾಯುವ ಹಾಲ್ಟ್ ಆದೇಶ ಮುಗಿದ ತಕ್ಷಣ ಸ್ಕ್ರೀನಿನ ಸುತ್ತಲ ಬಾರ್ಡರ್ ಕೆಂಪು ಮಾಡಿ. ಸ್ಕ್ರಾಲ್ ಮುಗಿದಾಗ ನೀಲಿ, ವಿಮಾನ ಬಿಡಿಸಿದ ಮೇಲೆ ಕಪ್ಪು. ಯಾವ ಪಟ್ಟಿ ಎಷ್ಟು ಉದ್ದವೋ ಆ ಕೆಲಸಕ್ಕೆ ಅಷ್ಟು ಸಮಯ. ಅದರ ಫೋಟೊ ಇಲ್ಲಿ ಹಾಕಿ, ಎಲ್ಲಿ ಕತ್ತರಿಸಬಹುದು ಅಂತ ಒಟ್ಟಿಗೆ ನೋಡೋಣ.