ಹೊಸ ಸೌರಫಲಕಕ್ಕಾಗಿ ಕಾಯಬೇಕೇ?

ಚಳ್ಳಕೆರೆಯ ಎಣ್ಣೆ ಗಿರಣಿ ಮಾಲೀಕರೊಬ್ಬರು ನಮಗೆ ಪತ್ರ ಬರೆದು, ಗಿರಣಿಯ ಶೀಟಿನ ಮೇಲೆ ಈಗಲೇ ಸಿಲಿಕಾನ್ ಸೌರಫಲಕ ಹಾಕಿಸುವುದೋ, ಇಲ್ಲವೇ ಅಗ್ಗವೂ ಹೆಚ್ಚು ದಕ್ಷವೂ ಆಗಲಿವೆ ಎನ್ನಲಾಗುವ ಪೆರೋವ್‌ಸ್ಕೈಟ್ ಎಂಬ ಹೊಸ ಬಗೆಯ ಹರಳಿನ ಫಲಕಗಳು ಬರುವವರೆಗೆ ತಡೆಯುವುದೋ ಎಂದು ಕೇಳಿದ್ದಾರೆ.

ಮಾನ್ಯರೇ,

ತಾವು ಓದಿರುವ ಸಾಧನೆ ಸುಳ್ಳಲ್ಲ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕಾ ಅವರ ತಂಡ ಪ್ರಕಟಿಸಿದ ಪೆರೋವ್‌ಸ್ಕೈಟ್ ಕೋಶದ (ಫಲಕದ ಬಿಡಿ ಘಟಕದ) ದಕ್ಷತೆ, ಅಂದರೆ ಬಿದ್ದ ಬಿಸಿಲಿನಲ್ಲಿ ವಿದ್ಯುತ್ತಾಗುವ ಪಾಲು, ಶೇ 3.8 ಮಾತ್ರ ಇತ್ತು. ಈಗ ಪ್ರಯೋಗಾಲಯದಲ್ಲಿ ಅದು ಶೇ 26ನ್ನು ದಾಟಿದೆ. ಸಿಲಿಕಾನ್ ಮೇಲೆ ಈ ಪದರವನ್ನು ಕೂರಿಸಿದ ಜೋಡಿ ಕೋಶದಲ್ಲಿ ಚೀನಾದ ಲೋಂಗಿ ಕಂಪನಿ 2024ರಲ್ಲಿ ಶೇ 34.6 ಮುಟ್ಟಿತು. ಆದರೆ ಇಂಥ ದಾಖಲೆಗಳು ಸಾಮಾನ್ಯವಾಗಿ ಉಗುರಿನಗಲದ ಕೋಶದ ಮೇಲೆ ಅಳೆದವು. ಅದೇ ವರ್ಷ ಆಕ್ಸ್‌ಫರ್ಡ್ ಪಿವಿ ಕಂಪನಿ ಅಮೆರಿಕದ ಗ್ರಾಹಕರಿಗೆ ಕಳುಹಿಸಿದ ಜೋಡಿ ಫಲಕಗಳ ದಕ್ಷತೆ ಶೇ 24.5.

ವ್ಯಾಪಾರದ ದೃಷ್ಟಿಯಿಂದ ನೋಡಿದರೆ, ನಿಜವಾದ ಪ್ರಶ್ನೆ ದಕ್ಷತೆಯದಲ್ಲ, ಬಾಳಿಕೆಯದು. ಸಿಲಿಕಾನ್ ಫಲಕಕ್ಕೆ ಇಪ್ಪತ್ತೈದು ವರ್ಷದ ಉತ್ಪಾದನಾ ಖಾತರಿ ಸಿಗುತ್ತದೆ; ಬ್ಯಾಂಕಿನವರು ಸಾಲ ಕೊಡುವಾಗ ನೆಚ್ಚುವುದು ಆ ಕಾಗದವನ್ನೇ. ಪೆರೋವ್‌ಸ್ಕೈಟ್ ಹರಳು ತೇವಾಂಶಕ್ಕೆ, ಶಾಖಕ್ಕೆ, ನೇರಳಾತೀತ ಕಿರಣಕ್ಕೆ ಒಡೆಯುತ್ತದೆ. ಫಲಕಗಳನ್ನು 85 ಡಿಗ್ರಿ ಶಾಖ, ಶೇ 85 ತೇವಾಂಶದಲ್ಲಿ ಸಾವಿರ ಗಂಟೆ ಇಟ್ಟು ಪರೀಕ್ಷಿಸುವ ಪದ್ಧತಿಯುಂಟು, ಆದರೆ ಸಾವಿರ ಗಂಟೆ ಎಂದರೆ ಆರು ವಾರ. ತಮ್ಮೂರಿನ ಏಪ್ರಿಲ್ ಬಿಸಿಲು ವರ್ಷವರ್ಷವೂ ಬರುವಂಥದ್ದು. ಈ ಕೋಶಗಳಲ್ಲಿ ಸೀಸವೂ ಇದೆ. ಪ್ರಮಾಣ ಅಲ್ಪವೇ ಆದರೂ, ಗಾಜು ಒಡೆದು ಮಳೆನೀರು ಸೇರಿದರೆ ಆ ಸೀಸ ನೀರಿನಲ್ಲಿ ಕರಗಬಲ್ಲುದು, ಕೊಳವೆಬಾವಿಯನ್ನೇ ನಂಬಿರುವ ಸೀಮೆಯವರು ಇದನ್ನು ಹಗುರವಾಗಿ ಕಾಣುವಂತಿಲ್ಲ.

ಬೆಲೆಯ ಲೆಕ್ಕ ಇನ್ನೂ ಕಠಿಣ. ಸಿಲಿಕಾನ್ ಸಾವಿರದ ನಾನೂರು ಡಿಗ್ರಿಗೂ ಮೇಲೆ ಕರಗುವ ವಸ್ತು; ಹಾಗಾಗಿ ಅದರ ಫಲಕ ತಯಾರಿಸಲು ಬಹಳ ಶಕ್ತಿ ಬೇಕು. ಪೆರೋವ್‌ಸ್ಕೈಟನ್ನಾದರೋ ಶಾಯಿಯಂತೆ ಬಳಿದು, ನೂರೈವತ್ತು ಡಿಗ್ರಿಯೊಳಗೆ ಒಣಗಿಸಬಹುದು. ಈ ಅನುಕೂಲ ನಿಜವಾದರೂ ಸಿಲಿಕಾನ್ ಫಲಕಗಳ ಬೆಲೆ ಈಗಾಗಲೇ ಎಷ್ಟು ಕುಸಿದಿದೆಯೆಂದರೆ, ಒಟ್ಟು ವೆಚ್ಚದಲ್ಲಿ ಸ್ಟ್ಯಾಂಡು, ಇನ್ವರ್ಟರು, ವೈರಿಂಗು, ಕೂಲಿಗಳ ಪಾಲೇ ದೊಡ್ಡದಾಗುತ್ತಿದೆ. ಹೆಚ್ಚು ದಕ್ಷತೆಯಿಂದ ಲಾಭವಾಗುವುದು ಜಾಗ ಕಿರಿದಾದಲ್ಲಿ. ತಮ್ಮ ಗಿರಣಿಯ ಮಾಡಿಗೆ ಆ ಇಕ್ಕಟ್ಟು ಇರಲಾರದು. ಹೊಸ ವಸ್ತು ಗೆಲ್ಲುವುದೇ ಇಲ್ಲವೆಂದಲ್ಲ: ಸಿಲಿಕಾನ್ ಬದಲು ಕ್ಯಾಡ್ಮಿಯಂ ಟೆಲ್ಯುರೈಡ್ ಎಂಬ ವಸ್ತುವಿನಿಂದಾದ ಫಲಕಗಳನ್ನು ಫಸ್ಟ್ ಸೋಲಾರ್ ಕಂಪನಿ ಚೆನ್ನೈ ಬಳಿಯೇ ತಯಾರಿಸುತ್ತಿದೆ, ಅಲ್ಲಿಗೆ ಬರಲು ಅದಕ್ಕೆ ದಶಕಗಳೇ ಹಿಡಿದವು. ಪೆರೋವ್‌ಸ್ಕೈಟ್ ಕೂಡ ಮೊದಲು ಸಿಲಿಕಾನ್‌ನ ಹೆಗಲೇರಿಯೇ ಮಾರುಕಟ್ಟೆಗೆ ಬರುವುದೆಂದು ನನ್ನ ಅಂದಾಜು.

ಆದ್ದರಿಂದ ತಾವು ಕಾಯಬೇಕಿಲ್ಲ. ಶೀಟು ಭಾರ ತಡೆಯುವುದೇ ಎಂದು ಮೊದಲು ಪರೀಕ್ಷೆ ಮಾಡಿಸಿ, ನೆಟ್ ಮೀಟರಿಂಗ್ (ತಾವು ಜಾಲಕ್ಕೆ ಬಿಟ್ಟ ವಿದ್ಯುತ್ತನ್ನು ಬಿಲ್ಲಿನಲ್ಲಿ ಕಳೆಯುವ ವ್ಯವಸ್ಥೆ) ವಿಚಾರವನ್ನು ಬೆಸ್ಕಾಂ ಕಚೇರಿಯಲ್ಲಿ ಕೇಳಿಕೊಂಡು, ಸಿಲಿಕಾನ್ ಫಲಕವನ್ನೇ ಹಾಕಿಸಿರಿ.

– ಸಂಪಾದಕ