ಓದುಗರ ಪ್ರಶ್ನೆ: ಕರ್ನಲ್ ಅರ್ಧದಲ್ಲೇ ನಿಂತಾಗ

ಪ್ರಶ್ನೆ: ದಾವಣಗೆರೆಯಲ್ಲಿ ಸಣ್ಣದೊಂದು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದೇನೆ. ನಮ್ಮಲ್ಲಿರುವ ಕೋರ್ 2 ಡ್ಯುಯೋ ಪ್ರೊಸೆಸರಿನ ಹಳೆಯ ಡೆಸ್ಕ್‌ಟಾಪ್‌ಗಳು ಬೇಸಿಗೆಯಲ್ಲಿ ಬಹಳ ಬಿಸಿಯಾಗುತ್ತವೆ. ಹಾಗಾಗಿ ಲಿನಕ್ಸ್ ಕರ್ನಲನ್ನು (ಕಾರ್ಯಾಚರಣಾ ವ್ಯವಸ್ಥೆಯ ತಿರುಳನ್ನು) ನಾನೇ ಕಂಪೈಲ್ ಮಾಡಿ, ಪ್ರೊಸೆಸರ್ ಆವರ್ತನದ ಎಲ್ಲ ಡ್ರೈವರ್‌ಗಳಿಗೂ ‘ವೈ’ (ಕರ್ನಲ್‌ನೊಳಗೇ ಸೇರಿಸು) ಎಂದು ಉತ್ತರಿಸಿದೆ. ಈಗ ಒಂದು ಯಂತ್ರ ಪ್ರೊಸೆಸರ್ ಆವರ್ತನವನ್ನು ನಿಯಂತ್ರಿಸುವ ಸಿಪಿಯುಫ್ರೀಕ್ ಕುರಿತ ಸಾಲೊಂದನ್ನು ತೋರಿಸಿ ಅಲ್ಲೇ ನಿಲ್ಲುತ್ತದೆ. ಇನ್ನೊಂದು ‘ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್ (0,0)’ ಎಂದು ಬರೆದು ಪ್ಯಾನಿಕ್ ಆಗುತ್ತದೆ, ಅಂದರೆ ಮುಂದುವರಿಯಲಾಗದೆ ಕರ್ನಲ್ ಕೈಚೆಲ್ಲುತ್ತದೆ. ಹಳೆಯ ಕರ್ನಲ್‌ನಲ್ಲಿ ಎರಡೂ ಚೆನ್ನಾಗಿ ನಡೆಯುತ್ತವೆ. ಸಿಪಿಯುಫ್ರೀಕ್ ಆಯ್ಕೆಯನ್ನೇ ಪೂರ್ತಿಯಾಗಿ ತೆಗೆದುಬಿಡಲೇ?

ಉತ್ತರ: ತೆಗೆಯಬೇಡಿ. ನಿಮ್ಮ ಎರಡು ಯಂತ್ರಗಳಿಗೆ ಬಂದಿರುವುದು ಎರಡು ಬೇರೆ ಬೇರೆ ಕಾಯಿಲೆಗಳು, ಮತ್ತು ಎರಡನೆಯದಕ್ಕೂ ಆವರ್ತನದ ಡ್ರೈವರಿಗೂ ಯಾವ ಸಂಬಂಧವೂ ಇಲ್ಲ.

ಮೊದಲನೆಯ ಯಂತ್ರವನ್ನು ನೋಡೋಣ. ನಮ್ಮೂರಿನ ಹತ್ತಿ ಗಿರಣಿಗಳಲ್ಲಿ ಪಾಳಿ ಆರಂಭವಾಗುವಾಗ ಹಾಜರಿ ಕೂಗುತ್ತಿದ್ದುದನ್ನು ನೆನಪಿಸಿಕೊಳ್ಳಿ. ಕೊನೆಗೆ ‘ಬಂದೆ’ ಎಂದ ಕೆಲಸಗಾರ ಗೈರುಹಾಜರಾದವನಲ್ಲ. ಅವನ ನಂತರ ಹೆಸರು ಕೂಗಿಸಿಕೊಂಡೂ ಉತ್ತರ ಕೊಡದವನೇ ಗೈರುಹಾಜರಾದವನು. ಕರ್ನಲ್ ಕೂಡ ತನ್ನೊಳಗಿನ ಡ್ರೈವರ್‌ಗಳನ್ನು ಒಂದಾದ ಮೇಲೊಂದರಂತೆ ಕರೆಯುತ್ತದೆ, ಮತ್ತು ನಿಮ್ಮ ಯಂತ್ರಗಳಿಗೆ ಸಲ್ಲುವ ಆವರ್ತನ ಡ್ರೈವರ್‌ಗಳ ಸರದಿ ಬರುವುದು ಬೂಟ್‌ನ ತೀರಾ ಕೊನೆಯ ಹಂತದಲ್ಲಿ. ಆದ್ದರಿಂದ ಅನಂತರದ ಯಾವ ಕೆಲಸ ಸದ್ದಿಲ್ಲದೆ ಕೆಟ್ಟರೂ ಪರದೆಯ ಮೇಲೆ ಉಳಿಯುವುದು ಸಿಪಿಯುಫ್ರೀಕ್‌ನ ಸಾಲೇ. ಆ ಸಾಲನ್ನು ಕಂಡ ಮಾತ್ರಕ್ಕೆ ಅದರ ಮೇಲೆ ಅಪರಾಧ ಹೊರಿಸುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ, ವರ್ಷಗಳ ಹಿಂದೆ ನಾನೂ ಅದೇ ತಪ್ಪು ಮಾಡಿ ಎರಡು ರಾತ್ರಿ ಕಳೆದಿದ್ದೇನೆ.

ಪರೀಕ್ಷೆ ಹೀಗೆ ಮಾಡಿ. ಯಂತ್ರ ಏಳುವಾಗ ಕರ್ನಲ್ ಆರಿಸಲು ಬಿಡುವ ಗ್ರಬ್ ಮೆನುವಿನಲ್ಲಿ ಹೊಸ ಕರ್ನಲ್ ಮೇಲೆ ನಿಂತು ‘ಇ’ ಕೀಲಿಯನ್ನು ಒತ್ತಿ. ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನಿಂದ ‘ಕ್ವೈಟ್’ ಮತ್ತು ‘ಸ್ಪ್ಲ್ಯಾಶ್’ ಪದಗಳನ್ನು ತೆಗೆದು, ಸಾಲಿನ ಕೊನೆಗೆ ‘ಇಗ್ನೋರ್ ಲಾಗ್‌ಲೆವೆಲ್’ ಮತ್ತು ‘ಇನಿಟ್‌ಕಾಲ್ ಡೀಬಗ್’ ಎಂಬ ಎರಡು ಸೂಚನೆಗಳನ್ನು, ಆಯಾ ಪದಗಳ ನಡುವೆ ಜಾಗ ಬಿಡದೆ ಅಡಿಗೆರೆ ಹಾಕಿ ಸೇರಿಸಿ, ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ ಅನ್ವಯಿಸುವುದರಿಂದ ಅಂಜಬೇಕಾಗಿಲ್ಲ. ಈಗ ಪ್ರತಿ ಡ್ರೈವರನ್ನು ಕರೆಯುವ ಮೊದಲು ‘ಕಾಲಿಂಗ್’ ಎಂದೂ, ಅದು ಮುಗಿದ ಮೇಲೆ ‘ರಿಟರ್ನ್ಡ್’ ಎಂದೂ ಸಾಲು ಬರುತ್ತದೆ. ‘ಕಾಲಿಂಗ್’ ಇದ್ದು ‘ರಿಟರ್ನ್ಡ್’ ಇಲ್ಲದಿರುವ ಹೆಸರೇ ನಿಮಗೆ ಬೇಕಾದುದು. ನಡುವೆ ‘ರಿಟರ್ನ್ಡ್ -19’ ಎಂದು ಕಂಡರೆ ಗಾಬರಿಯಾಗಬೇಡಿ. ‘ನನಗೆ ಸೇರಿದ ಯಂತ್ರಾಂಶ ಇಲ್ಲಿಲ್ಲ’ ಎಂದು ಡ್ರೈವರ್ ಸಭ್ಯವಾಗಿ ಹಿಂದೆ ಸರಿದಿದೆ ಎಂದಷ್ಟೇ ಅದರ ಅರ್ಥ. ಎಲ್ಲಕ್ಕೂ ‘ವೈ’ ಎಂದಿರುವ ನಿಮಗೆ ಇಂಥ ಸಾಲುಗಳು ಹಲವು ಕಾಣಿಸುತ್ತವೆ.

ಎರಡನೆಯ ಸಲ ‘ಸಿಪಿಯುಫ್ರೀಕ್’, ಚುಕ್ಕೆ, ‘ಆಫ್’, ಸಮ ಚಿಹ್ನೆ, 1 ಎಂದು ಒಟ್ಟಾಗಿ ಬರೆದು ಬೂಟ್ ಮಾಡಿ. ಆಗ ಯಂತ್ರ ಸರಾಗವಾಗಿ ಏಳುವುದಾದರೆ ಮಾತ್ರ ಆವರ್ತನದ ಡ್ರೈವರನ್ನು ಶಂಕಿಸಬೇಕು. ಅದೇ ಜಾಗದಲ್ಲಿ ನಿಂತರೆ, ಮೂರನೆಯ ಸಲ ಅದರ ಬದಲು ‘ನೋಮೋಡ್‌ಸೆಟ್’ ಎಂದು ಹಾಕಿ ನೋಡಿ. ಗ್ರಾಫಿಕ್ಸ್ ಡ್ರೈವರ್ ಪರದೆಯನ್ನು ತನ್ನ ವಶಕ್ಕೆ ತೆಗೆದುಕೊಳ್ಳುವಾಗ ಎಡವಿದರೆ ಹಳೆಯ ಸಾಲುಗಳು ಪರದೆಯ ಮೇಲೆ ಹಾಗೇ ಹೆಪ್ಪುಗಟ್ಟಿ ನಿಲ್ಲುತ್ತವೆ, ಒಳಗೆ ಮಾತ್ರ ಯಂತ್ರ ತನ್ನ ಪಾಡಿಗೆ ಬೂಟ್ ಆಗಿರುತ್ತದೆ. ಕ್ಯಾಪ್ಸ್ ಲಾಕ್ ಒತ್ತಿದಾಗ ಅದರ ದೀಪ ಹತ್ತಿ ಆರುತ್ತಿದ್ದರೆ ಕರ್ನಲ್ ಬದುಕಿದೆ ಎಂದೇ ತಿಳಿಯಿರಿ. ದುಂಡು ಪಿನ್ನಿನ ಹಳೆಯ ಪಿಎಸ್/2 ಕೀಲಿಮಣೆಯಾದರೆ, ದೀಪಗಳು ತಾವಾಗಿಯೇ ಮಿಣುಕುವುದು ಪ್ಯಾನಿಕ್‌ನ ಗುರುತು.

ಇನ್ನು ಎರಡನೆಯ ಯಂತ್ರ. ಆವರಣದಲ್ಲಿರುವ ಎರಡು ಅಂಕಿಗಳೇ ಬಹಳಷ್ಟನ್ನು ಹೇಳುತ್ತವೆ. (0,0) ಎಂದರೆ ಯಾವ ಡಿಸ್ಕ್ ಎಂಬುದೇ ಕರ್ನಲ್‌ಗೆ ತಿಳಿದಿಲ್ಲ. (8,1) ಎಂಬಂತಿದ್ದರೆ ಡಿಸ್ಕ್ ಸಿಕ್ಕಿದೆ, ಅದರ ಮೇಲಿನ ಕಡತ ವ್ಯವಸ್ಥೆಯನ್ನು, ಉದಾಹರಣೆಗೆ ಎಕ್ಸ್ಟ್4 ಅನ್ನು, ಓದಲು ಬರುತ್ತಿಲ್ಲ ಎಂದರ್ಥ. ನಿಮ್ಮದು (0,0). ಡಿಸ್ಕನ್ನು ಜೋಡಿಸುವ ಸೇಟಾ ನಿಯಂತ್ರಕದ ಎಎಚ್‌ಸಿಐ ಡ್ರೈವರ್ ಮತ್ತು ಸ್ಕಸಿ ಡಿಸ್ಕ್ ಬೆಂಬಲ, ಇವೆರಡನ್ನೂ ಮಾಡ್ಯೂಲ್ (ಕರ್ನಲ್‌ನ ಹೊರಗೆ ಪ್ರತ್ಯೇಕ ಕಡತ) ಆಗಿ ಇಟ್ಟು, ಬೂಟ್‌ನ ಆರಂಭದಲ್ಲಿ ಬೇಕಾದ ಮಾಡ್ಯೂಲ್‌ಗಳನ್ನು ಒದಗಿಸುವ ತಾತ್ಕಾಲಿಕ ಕಡತ ವ್ಯವಸ್ಥೆಯಾದ ಇನಿಟ್‌ರಾಮ್‌ಎಫ್‌ಎಸ್ ತಯಾರಿಸದೆ ಹೋದರೆ ಹೀಗಾಗುತ್ತದೆ. ಡಿಸ್ಕಿನ ಮಾಡ್ಯೂಲ್ ಡಿಸ್ಕಿನ ಒಳಗೇ ಇರುವಾಗ ಅದನ್ನು ಓದಿಕೊಳ್ಳುವ ಬಗೆ ಯಾವುದು? ಅವೆರಡನ್ನೂ ಕರ್ನಲ್‌ನೊಳಗೇ ಸೇರಿಸಿದ್ದರೂ ಇನ್ನೊಂದು ತೊಡಕಿದೆ: ಗ್ರಬ್ ಸಾಮಾನ್ಯವಾಗಿ ರೂಟ್ ವಿಭಾಗವನ್ನು ಯುಯುಐಡಿಯಿಂದ (ಕಡತ ವ್ಯವಸ್ಥೆಯ ಗುರುತು ಸಂಖ್ಯೆಯಿಂದ) ಸೂಚಿಸುತ್ತದೆ, ಅದನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವುದು ಇನಿಟ್‌ರಾಮ್‌ಎಫ್‌ಎಸ್‌ನ ಕೆಲಸ. ಅದಿಲ್ಲದ ಬರಿಯ ಕರ್ನಲ್‌ಗೆ ಡಿಸ್ಕ್ ವಿಭಾಗದ ಗುರುತು ಸಂಖ್ಯೆಯಾದ ಪಾರ್ಟ್‌ಯುಯುಐಡಿ ಅರ್ಥವಾಗುತ್ತದೆಯೇ ಹೊರತು ಕಡತ ವ್ಯವಸ್ಥೆಯ ಯುಯುಐಡಿ ಅರ್ಥವಾಗುವುದಿಲ್ಲ. ಇನಿಟ್‌ರಾಮ್‌ಎಫ್‌ಎಸ್ ತಯಾರಿಸುವುದೇ ನೇರವಾದ ದಾರಿ.

ಡ್ರೈವರ್‌ಗಳ ಆಯ್ಕೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಒಂದು ಸಮಯಕ್ಕೆ ಒಂದೇ ಆವರ್ತನ ಡ್ರೈವರ್ ನೋಂದಣಿಯಾಗಲು ಸಾಧ್ಯ, ಹೀಗಾಗಿ ಎಲ್ಲಕ್ಕೂ ‘ವೈ’ ಎನ್ನುವುದರಿಂದ ಲಾಭವಿಲ್ಲ. ಕೋರ್ 2 ಡ್ಯುಯೋಗೆ ಬೇಕಾದುದು ಎಸಿಪಿಐ ಸಿಪಿಯುಫ್ರೀಕ್ ಒಂದೇ. ಇಂಟೆಲ್ ಪಿ-ಸ್ಟೇಟ್ ಡ್ರೈವರ್ 2013ರಲ್ಲಿ 3.9ನೆಯ ಆವೃತ್ತಿಯೊಂದಿಗೆ ಬಂದದ್ದು. ಅದು ಕೋರ್ 2ಕ್ಕಿಂತ ಹೊಸದಾದ ಸ್ಯಾಂಡಿ ಬ್ರಿಜ್ ಮತ್ತು ಅನಂತರದ ಪೀಳಿಗೆಗಳಿಗೆ ಸೇರಿದ್ದು. ‘ಪಿ4 ಕ್ಲಾಕ್‌ಮಾಡ್’ ಎಂಬುದಕ್ಕಂತೂ ‘ಎನ್’ ಎಂದೇ ಉತ್ತರಿಸಿ. ಅದು ವೋಲ್ಟೇಜನ್ನು ಇಳಿಸದೆ ಬರಿದೇ ಗಡಿಯಾರದ ಬಡಿತಗಳನ್ನು ಬಿಟ್ಟುಬಿಡುತ್ತದೆ. ಪ್ರೊಸೆಸರಿನ ವಿದ್ಯುತ್ ಬಳಕೆ ಆವರ್ತನಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿ ಏರುವುದರಿಂದ, ವೋಲ್ಟೇಜ್ ಇಳಿಯದಿದ್ದರೆ ಉಳಿತಾಯ ಅತ್ಯಲ್ಪ, ಯಂತ್ರ ಮಾತ್ರ ತೆವಳುತ್ತದೆ. ಆ ಆಯ್ಕೆಯ ಸಹಾಯ ಪಠ್ಯವೇ ಈ ಬಗ್ಗೆ ಎಚ್ಚರಿಸುತ್ತದೆ. ಎಸಿಪಿಐ ಡ್ರೈವರಿಗೆ ‘ವೈ’ ಬದಲು ‘ಎಂ’ (ಮಾಡ್ಯೂಲ್) ಎಂದು ಹೇಳಿ. ಆಗ ಅದು ತೊಂದರೆ ಕೊಟ್ಟರೂ ಮಾಡ್ಯೂಲನ್ನು ಕಪ್ಪುಪಟ್ಟಿಗೆ ಸೇರಿಸಿ ಬೂಟ್ ಮಾಡಬಹುದು, ಮತ್ತೆ ಕಂಪೈಲ್ ಮಾಡುವ ಅಗತ್ಯ ಬೀಳುವುದಿಲ್ಲ.

ಪ್ರಶ್ನೆ: ನಾನು ಚಿತ್ರದುರ್ಗದ ವಿದ್ಯಾರ್ಥಿನಿ. ನನ್ನ ಲ್ಯಾಪ್‌ಟಾಪ್ ಸರಿಯಾಗಿ ಬೂಟ್ ಆಗುತ್ತದೆ, ಆದರೆ ಆವರ್ತನ 800 ಮೆಗಾಹರ್ಟ್ಸ್ ಬಿಟ್ಟು ಮೇಲೇರುವುದಿಲ್ಲ. ಆವರ್ತನ ಎಷ್ಟಿರಬೇಕೆಂದು ನಿರ್ಧರಿಸುವ ಗವರ್ನರ್ ‘ಪವರ್‌ಸೇವ್’ ಎಂದಿದೆ. ಅದೇ ಕಾರಣವೇ?

ಉತ್ತರ: ಅದು ಡ್ರೈವರ್ ಯಾವುದು ಎಂಬುದನ್ನು ಅವಲಂಬಿಸಿದೆ. ಗವರ್ನರಿನ ಕಡತವಿರುವ ಜಾಗದಲ್ಲೇ ‘ಸ್ಕೇಲಿಂಗ್ ಡ್ರೈವರ್’ ಎಂಬ ಕಡತವೂ ಇದೆ, ಅದನ್ನು ಓದಿ. ಎಸಿಪಿಐ ಸಿಪಿಯುಫ್ರೀಕ್ ಎಂದಿದ್ದರೆ ಪವರ್‌ಸೇವ್ ಆವರ್ತನವನ್ನು ಸದಾ ಕನಿಷ್ಠ ಮಟ್ಟದಲ್ಲೇ ಕಟ್ಟಿಹಾಕುತ್ತದೆ, 2016ರಲ್ಲಿ 4.7ನೆಯ ಆವೃತ್ತಿಯೊಂದಿಗೆ ಬಂದ ‘ಷೆಡ್‌ಯುಟಿಲ್’ ಅಥವಾ ಹಳೆಯ ‘ಆನ್‌ಡಿಮ್ಯಾಂಡ್’ ಗವರ್ನರಿಗೆ ಬದಲಾಯಿಸಿದರೆ ಸರಿಹೋಗುತ್ತದೆ. ಇಂಟೆಲ್ ಪಿ-ಸ್ಟೇಟ್ ಎಂದಿದ್ದರೆ ಹೆಸರೊಂದೇ ಆದರೂ ನಡತೆ ಬೇರೆ: ಅಲ್ಲಿನ ಪವರ್‌ಸೇವ್ ಕೆಲಸದ ಹೊರೆಗೆ ತಕ್ಕಂತೆ ಆವರ್ತನವನ್ನು ಏರಿಸುತ್ತದೆ, ಆದ್ದರಿಂದ ದೋಷ ಬೇರೆಡೆ ಇದೆ. ಲ್ಯಾಪ್‌ಟಾಪಿನ ಜೊತೆಗೆ ಬಂದ ಚಾರ್ಜರನ್ನೇ ಬಳಸುತ್ತಿದ್ದೀರಾ ಎಂದು ಮೊದಲು ನೋಡಿ. ಕೆಲವು ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್ ಗುರುತಿಸಲಾಗದ ಚಾರ್ಜರ್ ಕಂಡಾಗ ವೇಗವನ್ನು ತಾನೇ ತಗ್ಗಿಸುತ್ತದೆ. ಗಾಳಿಗಿರಣಿಗಳನ್ನು ತಿರುಗಿಸುವ ನಿಮ್ಮೂರ ಗಾಳಿ ಫ್ಯಾನಿನೊಳಗೆ ಧೂಳನ್ನೂ ತುಂಬುತ್ತದೆ, ಅದನ್ನೂ ಬಿಚ್ಚಿಸಿ ನೋಡಿಸಿ.

ಪ್ರಶ್ನೆ: ಕರ್ನಲ್ ಅಪ್‌ಡೇಟ್ ಆದ ಮೇಲೆ ಬೂಟ್ ಆಗುತ್ತಿಲ್ಲ. ಬೂಟ್ ವಿಭಾಗ ತುಂಬಿದೆ ಎಂದು ಅಪ್‌ಡೇಟ್ ವೇಳೆ ಎಚ್ಚರಿಕೆ ಬಂದಿತ್ತು. ಓದುಗರೊಬ್ಬರು, ಹರಿಹರ.

ಉತ್ತರ: ಇನಿಟ್‌ರಾಮ್‌ಎಫ್‌ಎಸ್ ಕಡತ ಪೂರ್ತಿ ಬರೆಯಲ್ಪಟ್ಟಿಲ್ಲ. ಗ್ರಬ್ ಮೆನುವಿನಿಂದ ಹಳೆಯ ಕರ್ನಲ್ ಆರಿಸಿ ಒಳಗೆ ಹೋಗಿ, ಬಳಕೆಯಲ್ಲಿಲ್ಲದ ಕರ್ನಲ್‌ಗಳನ್ನು ಪ್ಯಾಕೇಜ್ ವ್ಯವಸ್ಥೆಯ ಮೂಲಕವೇ ತೆಗೆಯಿರಿ, ಕಡತಗಳನ್ನು ಕೈಯಿಂದ ಅಳಿಸಬೇಡಿ. ಬಳಿಕ ಹೊಸ ಕರ್ನಲ್‌ಗೆ ಇನಿಟ್‌ರಾಮ್‌ಎಫ್‌ಎಸ್ ಅನ್ನು ಮತ್ತೆ ತಯಾರಿಸಿ. ಈಗ ನೀವು ಬೂಟ್ ಮಾಡಿಕೊಂಡಿರುವ ಹಳೆಯ ಕರ್ನಲನ್ನು ಮಾತ್ರ, ಹೊಸದು ಕೆಲವು ದಿನ ಸರಿಯಾಗಿ ನಡೆಯುವವರೆಗೆ, ಮುಟ್ಟಬೇಡಿ.