ಅರ್ಜಿಗೆ ಉತ್ತರ ಬಾರದಿದ್ದಾಗ ಸಂದರ್ಶನ ಗಿಟ್ಟಿಸುವ ಬೇರೆ ದಾರಿಗಳು

ಎಷ್ಟು ಕಡೆ ಅರ್ಜಿ ಹಾಕಿದರೂ ಸಂದರ್ಶನಕ್ಕೆ ಕರೆ ಬರುತ್ತಿಲ್ಲ, ಎಲ್ಲರೂ ಹಿಡಿಯುವ ದಾರಿ ಬಿಟ್ಟು ಬೇರೆ ಏನಾದರೂ ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ಆದರೆ ಬೇರೆ ದಾರಿ ಎಂದ ಕೂಡಲೇ ಹೆಚ್ಚಿನವರಿಗೆ ಹೊಳೆಯುವುದು ಬಣ್ಣಬಣ್ಣದ ರೆಸ್ಯೂಮೆ, ವಿಡಿಯೊ, ಉಡುಗೊರೆಯ ಪೆಟ್ಟಿಗೆ ಇಂಥವೇ. ಹಲವು ವರ್ಷಗಳಿಂದ ನನ್ನ ತಂಡಕ್ಕೆ ಬರುವ ಅರ್ಜಿಗಳನ್ನು ಓದುತ್ತಾ ಬಂದಿರುವ ನಾನು ಹೇಳುವುದಾದರೆ, ಪೂರ್ತಿ ಓದಬೇಕೆನಿಸಿದ ಅರ್ಜಿಗಳಲ್ಲಿ ಥಳುಕು ಇದ್ದದ್ದು ಕಡಿಮೆ. ನಮ್ಮ ಕೆಲಸದ ತಲೆನೋವಿನ ಬಗ್ಗೆ ಅರ್ಜಿದಾರರು ಮೊದಲೇ ಯೋಚಿಸಿದ್ದರು ಎಂಬ ಗುರುತು ಅವುಗಳಲ್ಲಿತ್ತು.

ಸಾಮಾನ್ಯ ದಾರಿಯಲ್ಲಿ ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಿ. ದೊಡ್ಡ ಸಂಸ್ಥೆಗಳಲ್ಲಿ ನೀವು ಅಪ್‌ಲೋಡ್ ಮಾಡಿದ ರೆಸ್ಯೂಮೆ ಸಾಮಾನ್ಯವಾಗಿ ಮೊದಲು ಸೇರುವುದು ಅರ್ಜಿಗಳನ್ನು ವಿಂಗಡಿಸುವ ಸಾಫ್ಟ್‌ವೇರ್‌ಗೆ, ಅಲ್ಲಿಂದ ಎಚ್‌ಆರ್ ವಿಭಾಗಕ್ಕೆ. ಆ ಹುದ್ದೆ ಖಾಲಿಯಿರುವುದರಿಂದ ನಿಜವಾಗಿ ಕಷ್ಟಪಡುತ್ತಿರುವ ತಂಡದ ಮುಖ್ಯಸ್ಥರ ಕೈಗೆ ಅದು ತಲುಪುವುದು ಕೊನೆಯಲ್ಲಿ, ಅದೂ ತಲುಪಿದರೆ. (ಚಿತ್ರ, ಅಂಕಣಗಳಿಂದ ತುಂಬಿದ ಅಲಂಕಾರದ ರೆಸ್ಯೂಮೆಯನ್ನು ಈ ಸಾಫ್ಟ್‌ವೇರ್ ಎಷ್ಟೋ ಸಲ ಸರಿಯಾಗಿ ಓದುವುದೇ ಇಲ್ಲ ಎಂಬುದು ಬೇರೆ ಮಾತು.) ಹಾಗಾಗಿ ನೀವು ಹುಡುಕಬೇಕಾದದ್ದು ಆ ಕಷ್ಟಪಡುತ್ತಿರುವ ವ್ಯಕ್ತಿಯನ್ನು, ಮತ್ತು ಸಾಧ್ಯವಾದರೆ ಜಾಹೀರಾತು ಹೊರಬೀಳುವ ಮೊದಲೇ. ಹೊಸ ಉತ್ಪನ್ನದ ಘೋಷಣೆ, ಹೊಸ ಶಾಖೆ, ತಂಡದ ಹಿರಿಯರೊಬ್ಬರಿಗೆ ಬಡ್ತಿ ಸಿಕ್ಕ ಸುದ್ದಿ, ಮ್ಯಾನೇಜರ್ ಒಬ್ಬರು ಉದ್ಯೋಗ ಸಂಪರ್ಕಗಳ ಜಾಲತಾಣವಾದ ಲಿಂಕ್ಡ್‌ಇನ್‌ನಲ್ಲಿ ತೋಡಿಕೊಂಡ ತಾಂತ್ರಿಕ ತೊಡಕು, ಇವೆಲ್ಲವೂ ಅಲ್ಲಿ ಸದ್ಯದಲ್ಲೇ ಜನ ಬೇಕಾಗಬಹುದು ಎಂಬುದರ ಸೂಚನೆಗಳು.

ಈ ವಿದ್ಯೆ ಹೊಸದೇನೂ ಅಲ್ಲ. ಲಿಯೊನಾರ್ಡೊ ಡ ವಿಂಚಿ 1482ರ ಸುಮಾರಿಗೆ ಮಿಲಾನ್‌ನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನನ್ನು ಉದ್ದೇಶಿಸಿ ಬರೆದ ಪತ್ರದ ಕರಡು ಇಂದಿಗೂ ಉಳಿದಿದೆ. ಸುಲಭವಾಗಿ ಹೊತ್ತೊಯ್ಯಬಹುದಾದ ಸೇತುವೆಗಳು, ಕೋಟೆಗಳನ್ನು ಕೆಡಹುವ ಉಪಾಯಗಳು, ಫಿರಂಗಿಗಳು, ಸುರಂಗಗಳು, ಶತ್ರುಗಳ ನಡುವೆ ನುಗ್ಗುವ ಮುಚ್ಚಿದ ರಥಗಳು ಎಂದು ಪಟ್ಟಿ ಸಾಗುತ್ತದೆ. ತಾನು ಚಿತ್ರವನ್ನೂ ಬರೆಯಬಲ್ಲೆ ಎಂಬ ಮಾತು ಬರುವುದು ಕೊನೆಯ ಭಾಗದಲ್ಲಿ. ಯುದ್ಧದ ಚಿಂತೆಯಲ್ಲಿರುವ ದೊರೆಗೆ ಏನು ಬೇಕೋ ಅದನ್ನು ಮುಂದಿಟ್ಟು, ತನ್ನ ದೊಡ್ಡ ಹೆಮ್ಮೆಯನ್ನು ಹಿಂದಕ್ಕೆ ಸರಿಸಿದ ಆ ಕ್ರಮವನ್ನು ನೀವು ಹಾಗೆಯೇ ಎತ್ತಿಕೊಳ್ಳಬಹುದು.

ನಮ್ಮ ಕಾಲದ ಉದಾಹರಣೆಯಾಗಿ, ಅಲೆಕ್ ಬ್ರೌನ್‌ಸ್ಟೈನ್ ಎಂಬ ಜಾಹೀರಾತು ಬರಹಗಾರರು ತಾವು ಮೆಚ್ಚುವ ಕೆಲವೇ ಕ್ರಿಯೇಟಿವ್ ಡೈರೆಕ್ಟರ್‌ಗಳ (ಜಾಹೀರಾತು ರೂಪಿಸುವ ತಂಡಗಳ ಮುಖ್ಯಸ್ಥರ) ಹೆಸರುಗಳ ಮೇಲೆ ಗೂಗಲ್ ಜಾಹೀರಾತು ಕೊಂಡರು. ಅವರಲ್ಲಿ ಯಾರಾದರೂ ತಮ್ಮದೇ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ, ಕೆಲಸ ಕೇಳುವ ಬ್ರೌನ್‌ಸ್ಟೈನ್ ಸಂದೇಶ ಎಲ್ಲಕ್ಕಿಂತ ಮೇಲೆ ಕಾಣುತ್ತಿತ್ತು. ತಗುಲಿದ ಖರ್ಚು ಸುಮಾರು 6 ಡಾಲರ್. ಸಿಕ್ಕಿದ್ದು ಹಲವು ಸಂದರ್ಶನಗಳು ಮತ್ತು ನ್ಯೂಯಾರ್ಕಿನ ಯಂಗ್ ಅಂಡ್ ರುಬಿಕಮ್ ಎಂಬ ಜಾಹೀರಾತು ಸಂಸ್ಥೆಯಲ್ಲಿ ಕೆಲಸ. 2010ರಲ್ಲಿ ಇದು ದೊಡ್ಡ ಸುದ್ದಿಯಾಯಿತು. ಜನ ಇದನ್ನು ಜಾಣತನದ ಕಥೆಯಾಗಿ ಹೇಳುತ್ತಾರೆ, ಆದರೆ ನನಗೆ ಮುಖ್ಯವೆನಿಸುವುದು ಬೇರೆ: ಕಡಿಮೆ ಹಣದಲ್ಲಿ ಸರಿಯಾದ ವ್ಯಕ್ತಿಯ ಕಣ್ಣಿಗೆ ಬೀಳುವುದೇ ಜಾಹೀರಾತಿನವರ ಕೆಲಸ, ಹಾಗಾಗಿ ಅವರ ಅರ್ಜಿಯೇ ಅವರ ಕೆಲಸದ ಮಾದರಿಯಾಗಿತ್ತು. ಅದನ್ನೇ ಒಬ್ಬ ಲೆಕ್ಕಪರಿಶೋಧಕರು ಮಾಡಿದ್ದರೆ ನಾಲ್ಕು ಜನ ನಕ್ಕು ಸುಮ್ಮನಾಗುತ್ತಿದ್ದರು.

ನಿಮ್ಮ ಕ್ಷೇತ್ರದಲ್ಲಿ ಆ ಮಾದರಿ ಯಾವುದು ಎಂಬುದನ್ನು ನೀವೇ ನಿರ್ಧರಿಸಬೇಕು. ನನಗೆ ಬಂದ ಒಂದು ಇಮೇಲ್ ವಿಷಯ ಹೇಳುತ್ತೇನೆ. ನಮ್ಮ ನೋಂದಣಿ ಫಾರಂ ಒಂದೇ ಅಕ್ಷರದ ಇನಿಷಿಯಲ್ಲನ್ನು ಉಪನಾಮವಾಗಿ ಸ್ವೀಕರಿಸುತ್ತಿರಲಿಲ್ಲ. ಅಷ್ಟೇ ಅಲ್ಲ, ತಪ್ಪು ತೋರಿಸಿದ ಮೇಲೆ ಅಲ್ಲಿಯವರೆಗೆ ತುಂಬಿದ್ದನ್ನೆಲ್ಲ ಅಳಿಸಿಹಾಕುತ್ತಿತ್ತು. ಬರೆದವರು ಆ ಪರದೆಯ ಚಿತ್ರ, ತೊಂದರೆಗೆ ಕಾರಣವಿರಬಹುದಾದ ನಿಯಮ, ಸರಿಪಡಿಸುವ ಬಗೆ ಮತ್ತು ಸರಿಪಡಿಸಿದ ನಂತರ ಏನನ್ನು ಪರೀಕ್ಷಿಸಬೇಕು ಎಂಬುದನ್ನು ಒಂದೇ ಪುಟದಲ್ಲಿ ಇಟ್ಟಿದ್ದರು. ಕೊನೆಯಲ್ಲಿ ಒಂದು ಸಾಲು: "ಇಂಥ ಕೆಲಸವನ್ನೇ ನಾನು ಮಾಡುತ್ತೇನೆ, ಇಪ್ಪತ್ತು ನಿಮಿಷ ಮಾತನಾಡಲು ಸಾಧ್ಯವೇ?" ರೆಸ್ಯೂಮೆಯನ್ನು ನಾನು ತೆರೆದದ್ದು ಆಮೇಲೆ. ಆ ಪುಟದಲ್ಲಿ ನಮ್ಮನ್ನು ಹಂಗಿಸುವ ಒಂದು ಪದವೂ ಇರಲಿಲ್ಲ ಎಂಬುದನ್ನು ಗಮನಿಸಿ. ತಪ್ಪು ತೋರಿಸುವ ಭರದಲ್ಲಿ ಹೆಚ್ಚಿನವರು ಎಡವುವುದು ಅಲ್ಲಿಯೇ. ಇನ್ನೊಂದು ಎಚ್ಚರಿಕೆ: ನಿಮಗೆ ಕಂಡದ್ದು ಭದ್ರತೆಯ ಲೋಪವಾಗಿದ್ದರೆ ಅದನ್ನು ಕೆದಕಲು ಹೋಗದೆ, ಯಾರಿಗೂ ಸಾರದೆ, ಸಂಸ್ಥೆಗೆ ಮಾತ್ರ ತಿಳಿಸಿ.

ಇನ್ನು ಪರಿಚಯದ ದಾರಿ. ಆಪ್ತ ಸ್ನೇಹಿತರನ್ನೇ ಮತ್ತೆ ಮತ್ತೆ ಕೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ನಿಮಗೆ ಗೊತ್ತಿರುವುದೇ ಬಹುಮಟ್ಟಿಗೆ ಅವರಿಗೂ ಗೊತ್ತಿರುತ್ತದೆ. ಅಪರೂಪಕ್ಕೆ ಮಾತನಾಡುವ ಪರಿಚಿತರಿಂದಲೇ ಹೊಸ ಸುದ್ದಿ ಬರುತ್ತದೆ ಎಂಬ ವಾದವನ್ನು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲೇ ಮಂಡಿಸಿದ್ದರು. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಅಧ್ಯಯನವೂ ಹೆಚ್ಚುಕಡಿಮೆ ಅದನ್ನೇ ಹೇಳಿತು, ಒಂದು ತಿದ್ದುಪಡಿಯೊಂದಿಗೆ: ತೀರಾ ಅಲ್ಪ ಪರಿಚಯದವರಿಗಿಂತ, ಮಧ್ಯಮ ಮಟ್ಟಿಗೆ ದೂರವಿರುವ ಪರಿಚಿತರು ಹೆಚ್ಚು ನೆರವಾಗುತ್ತಾರೆ. ಹಳೆಯ ಸಹೋದ್ಯೋಗಿ, ಬೇರೆ ವಿಭಾಗದ ಸಹಪಾಠಿ, ತರಬೇತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದವರು ಈ ಗುಂಪಿಗೆ ಸೇರುತ್ತಾರೆ. ಅವರಲ್ಲಿ "ಕೆಲಸ ಇದ್ದರೆ ಹೇಳಿ" ಎಂದು ಕೇಳಬೇಡಿ, ಆ ಮಾತಿಗೆ ಇಲ್ಲ ಎನ್ನುವುದು ಬಹಳ ಸುಲಭ. ಬದಲಿಗೆ, "ನಿಮ್ಮ ತಂಡ ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ದತ್ತಾಂಶವನ್ನು ಸಾಗಿಸುತ್ತಿದೆ ಎಂದು ಓದಿದೆ, ಅದರಲ್ಲಿ ಅತಿ ಕಷ್ಟವೆನಿಸಿದ ಭಾಗ ಯಾವುದು?" ಎಂಬಂಥ ಉತ್ತರಿಸಲು ಸಾಧ್ಯವಾದ ಪ್ರಶ್ನೆ ಕೇಳಿ. ಮಾತು ಮುಂದುವರಿದರೆ, ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ಎಷ್ಟೋ ಸಲ ಅವರೇ ಹೇಳುತ್ತಾರೆ.

ಉಡುಗೊರೆ ಕಳಿಸುವುದು, ಹೇಳದೆ ಕೇಳದೆ ಕಚೇರಿಗೆ ಹೋಗಿ ನಿಲ್ಲುವುದು, ವೈಯಕ್ತಿಕ ಫೋನ್ ಸಂಖ್ಯೆ ಪತ್ತೆಹಚ್ಚಿ ಕರೆ ಮಾಡುವುದು ಇವನ್ನು ನಾನು ಸಲಹೆ ಮಾಡಲಾರೆ; ಎಷ್ಟೋ ಕಡೆ ಉಡುಗೊರೆ ಸ್ವೀಕರಿಸುವುದೇ ಸಂಸ್ಥೆಯ ನಿಯಮಕ್ಕೆ ವಿರುದ್ಧ. ಸರ್ಕಾರಿ ಹುದ್ದೆಗಳಂತೆ ನೇಮಕಾತಿಯ ಕ್ರಮ ನಿಯಮಗಳಲ್ಲೇ ಗೊತ್ತಾಗಿರುವಲ್ಲಿ ಮೇಲಿನ ಯಾವುದನ್ನೂ ಪ್ರಯತ್ನಿಸಬೇಡಿ. ಉಳಿದ ಕಡೆಯೂ ನೇರವಾಗಿ ಬರೆಯುವ ದಿನವೇ ಅವರ ವೆಬ್‌ಸೈಟಿನಲ್ಲಿ ಮಾಮೂಲಿ ಅರ್ಜಿಯನ್ನೂ ಹಾಕಿಡಿ, ಏಕೆಂದರೆ ನಿಮ್ಮನ್ನು ಕರೆಯಬೇಕೆಂದು ಮ್ಯಾನೇಜರ್ ಬಯಸಿದರೂ ಎಚ್‌ಆರ್‌ನವರು ಮೊದಲು ಕೇಳುವುದು ಆ ಅರ್ಜಿಯ ಸಂಖ್ಯೆಯನ್ನೇ. ಒಂದು ವಾರ ಉತ್ತರ ಬಾರದಿದ್ದರೆ ಒಮ್ಮೆ, ಎರಡೇ ಸಾಲಿನಲ್ಲಿ ನೆನಪಿಸಿ. ಆಗಲೂ ಮೌನವಾದರೆ, ನೀವು ಸಿದ್ಧಪಡಿಸಿದ ಆ ಒಂದು ಪುಟವನ್ನು ಅದೇ ಬಗೆಯ ತೊಂದರೆಯಿರುವ ಇನ್ನೊಂದು ಸಂಸ್ಥೆಗೆ ಹೊಂದುವಂತೆ ತಿದ್ದಿ ಕಳಿಸಿ.